ಅಂಗಳದಲ್ಲಿ ಕಾಯುತ್ತಿರುವವರು

ಬಸ್ರೂರಿನ ನಮ್ಮ ಮನೆಯಲ್ಲಿ ಊಟಕ್ಕೆ ಮುಂಚೆ ಪ್ರಾರ್ಥನೆ ಹೇಳುವ ರೂಢಿ ಇರಲಿಲ್ಲ. ಬಡಿಸಿದ್ದನ್ನು ಉಣ್ಣುವುದು, ಚೆಲ್ಲಿದ ಅಗುಳನ್ನು ಹೆಕ್ಕಿಕೊಳ್ಳುವುದು, ಎದ್ದು ಕೈ ತೊಳೆಯುವುದು, ಅಷ್ಟೆ. ವರ್ಷದಲ್ಲಿ ಒಂದು ದಿನ ಮಾತ್ರ ಹಾಗಲ್ಲ. ಅದು ಹೊಸ್ತಿನ ದಿನ. ಗದ್ದೆಯಿಂದ ತಂದ ಕದಿರನ್ನು ಮಾವು, ಹಲಸು, ಬಿದಿರಿನ ಎಲೆಗಳ ಜೊತೆ ಸೇರಿಸಿ ಬಾಗಿಲಿಗೆ, ಕಣಜಕ್ಕೆ, ತುಳಸಿಕಟ್ಟೆಗೆ ಕಟ್ಟಿ, ಹೊಸ ಅಕ್ಕಿಯ ನಾಲ್ಕು ಕಾಳನ್ನಾದರೂ ಅನ್ನಕ್ಕೋ ಪಾಯಸಕ್ಕೋ ಬೆರೆಸಿ ಬಡಿಸಿದ ಮೇಲೆ ಯಾರೂ ಸುಮ್ಮನೆ ಉಣ್ಣತೊಡಗುವಂತಿಲ್ಲ. ಕಿರಿಯರು ಹಿರಿಯರ ಕಾಲು ಮುಟ್ಟಿ ‘ಹೊಸ್ತ್ ಉಣ್ತೆ’ ಎನ್ನಬೇಕು. ಹಿರಿಯರು ‘ಉಣ್’ ಎನ್ನಬೇಕು. ಅಮ್ಮಮ್ಮನಿಗಿಂತ ಹಿರಿಯರು ನಮ್ಮ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಹಾಗಾಗಿ ಅವಳು ಎಲೆಯ ಮುಂದೆ ಕೂತು ಸಾಲಿನ ಕೊನೆಯವರೆಗೂ ಒಂದೊಂದೇ ಮುಖ ನೋಡುತ್ತ, ತೊಡೆಯ ಮೇಲಿನ ಕೂಸಿಗೂ ‘ಹೊಸ್ತ್ ಉಣ್ತೆ, ಅಕಾ?’ ಎಂದು ಕೇಳಿಯೇ ಅನ್ನಕ್ಕೆ ಕೈ ಹಾಕುತ್ತಿದ್ದಳು.

ಈ ಮಾತಿನಲ್ಲಿ ದೇವರ ಹೆಸರಿಲ್ಲ. ಕೃತಜ್ಞತೆ ಎಂದು ಹೇಳಬಹುದಾದ ಪದವೂ ಇಲ್ಲ. ‘ನಾನು ಉಣ್ಣುತ್ತೇನೆ, ಆಗಬಹುದಲ್ಲ?’ ಎಂಬ ಒಂದು ಪ್ರಶ್ನೆ, ಅದೂ ಪಕ್ಕದಲ್ಲಿ ಕೂತವರಿಗೆ. ತುಳು ಮಾತಾಡುವ ಕಡೆ ಹೊಸ ಅಕ್ಕಿಯ ಊಟಕ್ಕೆ ‘ಪುದ್ವಾರ್’ ಎನ್ನುತ್ತಾರೆ. ಅಲ್ಲೂ ಹೀಗೆ ಒಬ್ಬರನ್ನೊಬ್ಬರು ಕೇಳಿ ಉಣ್ಣುವ ಪದ್ಧತಿ ಇದೆ. ಕನ್ನಡ ಕಾದಂಬರಿಗಳಲ್ಲಿ ಬರುವ ಊಟದ ದೃಶ್ಯಗಳ ಬಗ್ಗೆ ಸಂಶೋಧನೆಗೆ ತೊಡಗಿದಾಗ ಅಮ್ಮಮ್ಮನ ಈ ಪ್ರಶ್ನೆ ನನ್ನ ತಲೆಯಲ್ಲಿ ಇರಲಿಲ್ಲ. ಓದುತ್ತ ಹೋದಂತೆ ಅದು ಮತ್ತೆ ಮತ್ತೆ ಎದುರಾಯಿತು. ಉಣ್ಣುವ ಮುಂಚಿನ ಮಾತು ಯಾವ ದೇವರನ್ನು ಕರೆಯುತ್ತದೆ ಎಂಬುದನ್ನು ನಾವು ಕೂಡಲೇ ಗುರುತಿಸುತ್ತೇವೆ, ಅದರಿಂದ ಜಾತಿ ಧರ್ಮಗಳನ್ನೂ ಊಹಿಸಿಬಿಡುತ್ತೇವೆ. ಆ ಮಾತು ಯಾರಿಗಾಗಿ ಕೈ ತಡೆಯುತ್ತದೆ, ಯಾರನ್ನು ಹೊರಗೆ ಕಾಯಿಸುತ್ತದೆ ಎಂದು ಕೇಳುವುದು ಕಡಿಮೆ. ನಮ್ಮ ಒಳ್ಳೆಯ ಬರಹಗಾರರು ಮಾತ್ರ ಅದನ್ನೇ ಕೇಳಿದ್ದಾರೆ.

ಮೊದಲು ನಮ್ಮ ಸುತ್ತಮುತ್ತಲಿನ ಪದ್ಧತಿಗಳನ್ನು ನೋಡೋಣ. ಬ್ರಾಹ್ಮಣರ ಮನೆಯ ಊಟದಲ್ಲಿ ಎಲೆಯ ಸುತ್ತ ನೀರು ಬಿಟ್ಟು ಪರಿಷೇಚನೆ ಮಾಡಿ, ಎಲೆಯ ಬಲಕ್ಕೆ ಅನ್ನದ ಚಿತ್ರಾಹುತಿ ಇಟ್ಟು, ಆಪೋಶನ ತೆಗೆದುಕೊಂಡು, ಐದು ಪ್ರಾಣಗಳಿಗೆ ಆಹುತಿ ಕೊಟ್ಟ ಮೇಲೆ ಊಟ. ಇದು ಮೆಲುದನಿಯದ್ದು. ದೊಡ್ಡ ಸಮಾರಾಧನೆಗಳಲ್ಲಿ ಇದಕ್ಕೊಂದು ಏರುದನಿಯ ಜೊತೆಗಾರ ಇದೆ, ಚೂರ್ಣಿಕೆ. ಪಂಕ್ತಿಯಲ್ಲಿ ಕೂತ ಒಬ್ಬರು ರಾಗವಾಗಿ ಶ್ಲೋಕ ಹೇಳಿ ನಿಲ್ಲಿಸುತ್ತಾರೆ, ಉಳಿದವರೆಲ್ಲ ಒಕ್ಕೊರಲಿನಿಂದ ‘ಗೋವಿಂದಾ’ ಎಂದೋ ‘ಮಹಾದೇವಾ’ ಎಂದೋ ಕೂಗುತ್ತಾರೆ. ಸ್ವರ ಚೆನ್ನಾಗಿರುವ ಹುಡುಗರಿಗೆ ‘ನೀನೊಂದು ಹೇಳೋ’ ಎಂದು ಒತ್ತಾಯ ಬರುತ್ತದೆ. ಸಾರಿಗೂ ಪಾಯಸಕ್ಕೂ ನಡುವಿನ ಬಿಡುವು ತುಂಬುವ ಈ ಕೂಗಿನಲ್ಲಿ ಭಕ್ತಿಯೂ ಇದೆ, ಸ್ಪರ್ಧೆಯೂ ಇದೆ, ತಮಾಷೆಯೂ ಇದೆ.

ಬಸ್ರೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಉಣ್ಣುವ ಮುಂಚೆ ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಮಾಡಿ ಚಿಕ್ಕದೊಂದು ‘ಮಾಗ್ಣೆಂ’ ಹೇಳುತ್ತಾರೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆ ಹಬ್ಬ, ಇದರ ವಿಸ್ತಾರವಾದ ರೂಪ. ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ತೆನೆಯನ್ನು ಮನೆಗೆ ತಂದು, ಕಾಳು ಬಿಡಿಸಿ, ಪುಡಿ ಮಾಡಿ, ಪಾಯಸಕ್ಕೋ ತೆಂಗಿನ ಹಾಲಿಗೋ ಬೆರೆಸಿ, ಎಲ್ಲರೂ ಸೇರಿ ಪ್ರಾರ್ಥಿಸಿದ ಮೇಲೆ ಬಾಳೆ ಎಲೆಯ ಮೇಲೆ ಸಸ್ಯಾಹಾರದ ಊಟ. ನಮ್ಮ ಹೊಸ್ತು ಬರುವುದೂ ಹೆಚ್ಚುಕಡಿಮೆ ಆಗಲೇ. ಅದೇ ನೀರು ಕುಡಿದ ಅದೇ ಭತ್ತ. ಮುಸ್ಲಿಮರ ಮನೆಯಲ್ಲಿ ‘ಬಿಸ್ಮಿಲ್ಲಾ’ ಎನ್ನದೆ ತುತ್ತು ಎತ್ತುವುದಿಲ್ಲ. ಎಲ್ಲವುಗಳಲ್ಲಿ ಅದು ಗಿಡ್ಡ, ಉಸಿರಿನಷ್ಟೇ ಉದ್ದ.

ಬಸ್ರೂರು ಒಂದು ಕಾಲಕ್ಕೆ ಅಕ್ಕಿಯ ಬಂದರು. 14ನೆಯ ಶತಮಾನದಲ್ಲಿ ಇಬ್ನ್ ಬತೂತ ಈ ಊರಿನ ಹೆಸರು ಹೇಳುತ್ತಾನೆ. 1569ರಲ್ಲಿ ಪೋರ್ಚುಗೀಸರು ಇಲ್ಲಿ ಕಾಲೂರಿದರು, 1665ರಲ್ಲಿ ಶಿವಾಜಿ ಹಡಗುಗಳೊಂದಿಗೆ ಬಂದು ಕೊಳ್ಳೆ ಹೊಡೆದ. ಎಲ್ಲರಿಗೂ ಬೇಕಾಗಿದ್ದ ಸಂಪತ್ತಿನಲ್ಲಿ ಈ ಸೀಮೆಯ ಅಕ್ಕಿಯೂ ಇತ್ತು. ಇಲ್ಲಿನ ಅಕ್ಕಿಯನ್ನು ಬೇಯಿಸಿ, ಬೇರೆ ಬೇರೆ ಭಾಷೆಯಲ್ಲಿ ಬೇರೆ ಬೇರೆ ದೇವರನ್ನು ನೆನೆದು ಉಂಡವರು ಕಡಲಿನ ಎರಡೂ ದಡದಲ್ಲಿದ್ದರು. ಇಂಥ ಊರಿಗೆ ಯಾರೊಂದಿಗೆ ಬೇಕಾದರೂ ವ್ಯಾಪಾರ ಮಾಡುವುದು ಗೊತ್ತು. ಒಟ್ಟಿಗೆ ಕೂತು ಉಣ್ಣುವುದು ಬೇರೆ ವಿದ್ಯೆ, ಅದನ್ನು ಬಂದರು ಕಲಿಸಲಿಲ್ಲ.

ಈ ವಿದ್ಯೆಯ ಬಗ್ಗೆ ಕನ್ನಡದಲ್ಲಿ ಬಂದ ಬಹು ತೀಕ್ಷ್ಣವಾದ ಪುಸ್ತಕ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಎಂದು ನನಗನಿಸುತ್ತದೆ. ಅದನ್ನು ಶವಸಂಸ್ಕಾರದ ಕಾದಂಬರಿ, ಬ್ರಾಹ್ಮಣ್ಯದ ಬಿಕ್ಕಟ್ಟಿನ ಕಾದಂಬರಿ, ಅಸ್ತಿತ್ವವಾದಿ ಕಾದಂಬರಿ ಎಂದೆಲ್ಲ ಓದಿದ್ದೇವೆ. ಊಟದ ಕಾದಂಬರಿ ಎಂದು ಓದಿದರೆ ಅದರ ಕಟ್ಟಡ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಮೂರು ಊಟಗಳು ಅದನ್ನು ಹೊತ್ತು ನಿಂತಿವೆ.

ಮೊದಲನೆಯದು ಉಣ್ಣದೆ ಉಳಿದ ಊಟ. ಪ್ರಾಣೇಶಾಚಾರ್ಯರು ರೋಗಿಯಾದ ಹೆಂಡತಿ ಭಾಗೀರಥಿಗೆ ಉಣಿಸಿದ್ದಾರೆ, ಗೋಗ್ರಾಸ ಕೊಟ್ಟಿದ್ದಾರೆ. ಉಣ್ಣಲು ಬೇಕಾದ ಶುದ್ಧಿಯೆಲ್ಲ ಆಗಿದೆ. ಆಗ ಅಂಗಳದಲ್ಲಿ ಚಂದ್ರಿ ಬಂದು ನಿಲ್ಲುತ್ತಾಳೆ. ನಮ್ಮ ಕುಂದಾಪುರದವಳು, ನಾರಣಪ್ಪ ಇಟ್ಟುಕೊಂಡಿದ್ದವಳು. ಅವಳೊಡನೆ ಮಾತಾಡಿದರೆ ಮೈಲಿಗೆ, ಮತ್ತೆ ಮಿಂದೇ ಉಣ್ಣಬೇಕು. ಆದರೆ ಹೆಂಗಸೊಬ್ಬಳು ಅಂಗಳದಲ್ಲಿ ಕಾಯುತ್ತಿರುವಾಗ ತುತ್ತು ಗಂಟಲಲ್ಲಿ ಇಳಿಯುವುದಾದರೂ ಹೇಗೆ ಎಂದು ಆಚಾರ್ಯರ ಮನಸ್ಸು ಹೊಯ್ದಾಡುತ್ತದೆ. ನಾರಣಪ್ಪ ಸತ್ತ ಸುದ್ದಿ ಅವರಿಗೆ ಇನ್ನೂ ಗೊತ್ತಿಲ್ಲ ಎಂಬುದನ್ನು ಗಮನಿಸಬೇಕು. ಹೆಣ ಇರುವಾಗ ಉಣ್ಣಬಾರದೆಂಬ ಶಾಸ್ತ್ರ ಇನ್ನೂ ಎದುರು ನಿಂತಿಲ್ಲ. ಶಾಸ್ತ್ರಕ್ಕಿಂತ ಮುಂಚೆ, ಒಬ್ಬಳು ಹೊರಗೆ ನಿಂತಿದ್ದಾಳೆ ಎಂಬಷ್ಟಕ್ಕೇ ಅವರಿಗೆ ಉಣ್ಣಲಾಗುವುದಿಲ್ಲ. ಇಡೀ ಪುಸ್ತಕದಲ್ಲಿ ಆಚಾರ್ಯರು ಹೇಳದೆ ಹೇಳಿದ ಒಳ್ಳೆಯ ಪ್ರಾರ್ಥನೆ ಈ ಹಿಂಜರಿಕೆಯೇ. ಆಮೇಲೆ ಸುದ್ದಿ ತಿಳಿಯುತ್ತದೆ, ಅಗ್ರಹಾರದ ಮನೆಮನೆಯಲ್ಲಿ ಊಟ ನಿಲ್ಲುತ್ತದೆ. ಆದರೆ ಉಳಿದವರ ಊಟ ನಿಂತದ್ದು ನಿಯಮಕ್ಕಾಗಿ. ಹಸಿವು ಹೆಚ್ಚಿದಂತೆ ಅವರಿಗೆ ಹೆಣದ ಮೇಲೆ ಸಿಟ್ಟು ಬರುತ್ತದೆ, ಚಂದ್ರಿ ತಂದಿಟ್ಟ ಬಂಗಾರದ ಮೇಲೆ ಆಸೆ ಬರುತ್ತದೆ.

ಎರಡನೆಯ ಊಟ ಕಾಡಿನಲ್ಲಿ, ಕತ್ತಲಲ್ಲಿ. ಮಾರುತಿ ಉತ್ತರ ಕೊಟ್ಟಿಲ್ಲ, ಆಚಾರ್ಯರು ಹಸಿದು ಕುಸಿದಿದ್ದಾರೆ, ಚಂದ್ರಿ ಮಡಿಲಲ್ಲಿದ್ದ ಬಾಳೆಹಣ್ಣು ಸುಲಿದು ತಿನ್ನಿಸುತ್ತಾಳೆ. ಅದಕ್ಕೆ ಆಪೋಶನವಿಲ್ಲ, ಪರಿಷೇಚನೆಯಿಲ್ಲ, ಎಲೆಯೂ ಇಲ್ಲ. ಅಂಗಳದಲ್ಲಿ ಕಾದವಳು ಈಗ ಅನ್ನದಾತೆ. ಈ ಘಟ್ಟವನ್ನು ಕಾಮದ ಕಡೆಯಿಂದ ಎಷ್ಟು ಚರ್ಚಿಸಿದ್ದೇವೆಂದರೆ, ಅಲ್ಲಿ ಒಬ್ಬ ಹಸಿದವನಿಗೆ ಇನ್ನೊಬ್ಬಳು ತಿನ್ನಿಸಿದಳು ಎಂಬ ಸಾದಾ ಸಂಗತಿ ಮರೆತೇಹೋಗಿದೆ.

ಮೂರನೆಯದು ಮೇಳಿಗೆಯ ತೇರಿನ ದಿನ ದೇವಸ್ಥಾನದ ಪಂಕ್ತಿಯ ಊಟ. ಆಚಾರ್ಯರು ಈಗ ಹೆಂಡತಿಯನ್ನು ದಹಿಸಿ ಬಂದ ಸೂತಕದವರು. ಅವರ ಜೊತೆ ದಾರಿಯುದ್ದಕ್ಕೂ ಮಾತಾಡುತ್ತ ಬಂದ ಮಾಲೇರ ಪುಟ್ಟ ಬ್ರಾಹ್ಮಣರ ಆ ಪಂಕ್ತಿಗೆ ಸೇರಿದವನಲ್ಲ. ಎಲೆ ಹಾಕಿದೆ, ಬಡಿಸುತ್ತಾರೆ, ಊಟಕ್ಕೆ ಬೇಕಾದ ವಿಧಿಯೆಲ್ಲ ಸುತ್ತಲೂ ಸರಿಯಾಗಿ ನಡೆಯುತ್ತಿದೆ. ಆಚಾರ್ಯರೊಬ್ಬರೇ ಗುರುತು ಸಿಕ್ಕೀತೆಂಬ ಭಯದಲ್ಲಿ ನಡುಗುತ್ತಾರೆ, ಕೊನೆಗೆ ಅಲ್ಲಿಂದ ಓಡುತ್ತಾರೆ. ಮೊದಲ ಊಟದಲ್ಲಿ ಅವರು ಶುದ್ಧರಾಗಿದ್ದೂ ಇನ್ನೊಬ್ಬಳಿಗಾಗಿ ಉಣ್ಣಲಾರದೆ ಹೋದರು. ಇಲ್ಲಿ ಸುತ್ತಲ ಪಂಕ್ತಿ ಪರಿಶುದ್ಧವಾಗಿದೆ, ಅವರ ತುತ್ತು ಮಾತ್ರ ಸುಳ್ಳಾಗಿದೆ. ಪಂಕ್ತಿಗೆ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದಕ್ಕೆ ಗೊತ್ತಿರುವುದು ಗೋತ್ರ ಒಂದೇ. ಪ್ರಾಣೇಶಾಚಾರ್ಯರ ಧರ್ಮಸಂಕಟವನ್ನು ಅಳೆಯಲು ಅನಂತಮೂರ್ತಿಯವರು ಶಾಸ್ತ್ರಗ್ರಂಥಗಳನ್ನು ಕೈಗೆ ಕೊಟ್ಟು ನೋಡಿದರು, ಪ್ರಯೋಜನವಾಗಲಿಲ್ಲ. ಕೊನೆಗೂ ಅಳತೆಗೆ ಸಿಕ್ಕಿದ್ದು ಈ ಮೂರು ಎಲೆಗಳು, ಅಥವಾ ಎರಡು ಎಲೆ ಮತ್ತು ಒಂದು ಮಡಿಲು.

ಈ ಓದಿಗೆ ಒಂದು ಆಕ್ಷೇಪ ಬರಬಹುದು. ‘ಸಂಸ್ಕಾರ’ದಲ್ಲಿ ಕಾಯುವವಳು ಚಂದ್ರಿ, ಆದರೆ ಅವಳ ಹಸಿವು ಕೂಡ ಆಚಾರ್ಯರ ಆತ್ಮಶೋಧನೆಗೆ ಮೆಟ್ಟಿಲಾಗುತ್ತದೆಯೇ ಹೊರತು ಅವಳಿಗೇ ಒಂದು ಊಟ ಸಿಗುವುದಿಲ್ಲವಲ್ಲ? ಈ ಆಕ್ಷೇಪ ನ್ಯಾಯವಾದದ್ದು. ಅಂಗಳದ ಕಡೆಯಿಂದಲೇ ನೋಡಬೇಕೆಂದರೆ ಕೋಟದ ಶಿವರಾಮ ಕಾರಂತರ ಬಳಿ ಹೋಗಬೇಕು.

‘ಮರಳಿ ಮಣ್ಣಿಗೆ’ಯ ರಾಮ ಐತಾಳರು ಪುರೋಹಿತರು. ಊರೂರಿನ ಶುಭಾಶುಭಗಳಿಗೆ ಹೋಗಿ ಉಂಡು ದಕ್ಷಿಣೆ ತರುವುದು ಅವರ ವೃತ್ತಿ. ಎಲೆಯ ಮುಂದೆ ಮಂತ್ರ ಹೇಳುವುದು ಅವರಿಗೆ ಉಸಿರಾಟದಷ್ಟು ಸಹಜ. ಆದರೆ ಕಾದಂಬರಿಯ ಕಣ್ಣು ಹೆಚ್ಚು ಹೊತ್ತು ಇರುವುದು ಪಾರೋತಿ ಮತ್ತು ಸರಸೋತಿಯರ ಮೇಲೆ. ಗದ್ದೆಗೆ ಇಳಿಯುವವರು, ಕಟ್ಟಿಗೆಗೆ ಕಡಲ ಕಡೆ ನೋಡುವವರು, ಒಲೆ ಊದುವವರು, ಎಲ್ಲರದೂ ಆದ ಮೇಲೆ ಉಣ್ಣುವವರು ಅವರೇ. ಅವರು ಉಣ್ಣುವಾಗ ಯಾವ ಮಂತ್ರ ಹೇಳಿದರು ಎಂದು ಕಾರಂತರು ಹೇಳಲು ಹೋಗುವುದಿಲ್ಲ. ಅವರ ದುಡಿಮೆಯನ್ನು ಮಾತ್ರ ಬಿಡಿಬಿಡಿಯಾಗಿ, ಬೇಸರಿಸದೆ, ಪುಟಗಟ್ಟಲೆ ಹೇಳುತ್ತಾರೆ. ಅನ್ನ ಎಲ್ಲಿಂದ ಬಂತು ಎಂಬುದನ್ನು ಒಂದೂ ಮೆಟ್ಟಿಲು ಬಿಡದೆ ಹೇಳುವುದು ಕೂಡ ಉಣ್ಣುವ ಮುಂಚಿನ ಒಂದು ಬಗೆಯ ಸ್ಮರಣೆ. ಕಾರಂತರಂಥ ದೇವರ ಗೊಡವೆಗೆ ಹೋಗದ ಲೇಖಕರಿಂದ ಕನ್ನಡಕ್ಕೆ ಅಂಥದೊಂದು ಸಿಕ್ಕಿತು ಎಂಬುದು ನನಗೆ ಇಷ್ಟವಾದ ವಿಚಿತ್ರ. ಅದಕ್ಕೂ ಮುಂಚೆ, 1933ರ ‘ಚೋಮನ ದುಡಿ’ಯಲ್ಲಿ, ಮಣ್ಣಿನಲ್ಲಿ ದುಡಿದೂ ತನ್ನದೆಂಬ ಒಂದು ತುಂಡು ಗದ್ದೆ ಕಾಣದ ಚೋಮನನ್ನು ಅವರು ಬರೆದಿದ್ದರು. ಅವನಿಗೆ ಸ್ವಂತದ ಕದಿರೇ ಇಲ್ಲ, ಇನ್ನು ಹೊಸ್ತು ಎಲ್ಲಿಂದ? ಅನ್ನ ಎಲ್ಲಿಂದ ಬಂತು ಎಂದು ಕೇಳುತ್ತ ಹೋದರೆ ಕೊನೆಗೆ ಸಿಗುವವನು ಅವನೇ.

ಅನ್ನದ ಮೂಲವನ್ನು ಕೇಳದೆ ಅರ್ಪಿಸುವುದು ಅರ್ಪಣೆಯೇ ಅಲ್ಲ ಎಂದು 12ನೆಯ ಶತಮಾನದ ಶರಣರು ನೇರವಾಗಿ ಹೇಳಿದ್ದರು. ಲಿಂಗಕ್ಕೆ ಅರ್ಪಿಸಿದ್ದೇ ಪ್ರಸಾದ, ಅರ್ಪಿಸದ್ದು ಮುಟ್ಟಬಾರದ್ದು ಎಂಬ ನಿಯಮ ಅವರಲ್ಲೂ ಇದೆ. ಆದರೆ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮರ ಕಥೆಯಲ್ಲಿ ಅದು ಇನ್ನೊಂದು ಹೆಜ್ಜೆ ಇಡುತ್ತದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಬೇಕಾದಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ತಂದಲ್ಲೇ ಸುರಿದು ಬಾ ಎಂದು ಕಳಿಸುತ್ತಾಳೆ. ಅಕ್ಕಿ ಕದ್ದದ್ದೇನೂ ಅಲ್ಲ. ಆದರೂ ಬೇಕಾದ್ದಕ್ಕಿಂತ ಹೆಚ್ಚಿನದು ಆಸೆಯ ಫಲ, ಅದು ಶಿವನಿಗೆ ಸಲ್ಲದು ಎಂಬುದು ಅವಳ ನಿಲುವು. ಅಂಗಳದ ಅಕ್ಕಿ ಇನ್ನೊಬ್ಬ ಆಯುವವನಿಗೂ ಬೇಕಾಗಬಹುದು ಎಂಬುದನ್ನು ಕಥೆ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಅದನ್ನೂ ಅಲ್ಲಿ ಓದುತ್ತೇನೆ. ಇವತ್ತು ನಮ್ಮ ಸರ್ಕಾರಿ ಶಾಲೆಗಳ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿದೆ. ಮಕ್ಕಳು ಸಾಲಾಗಿ ಕೂತು ಕೈಮುಗಿದು ಶ್ಲೋಕ ಹೇಳಿ ಉಣ್ಣುವ ಶಾಲೆಗಳಿವೆ. ಅದೇ ಹೊತ್ತಿಗೆ, ದಲಿತ ಮಹಿಳೆ ಅಡುಗೆ ಮಾಡಿದರೆಂದು ಮಕ್ಕಳನ್ನು ಊಟಕ್ಕೆ ಕಳಿಸದ ತಂದೆತಾಯಿಯರ ಸುದ್ದಿ ರಾಜ್ಯದ ಬೇರೆ ಬೇರೆ ಕಡೆಯಿಂದ ಮತ್ತೆ ಮತ್ತೆ ಬಂದಿದೆ. ದಾಸೋಹ ಎಂಬ ಪದವನ್ನು ಶರಣರಿಂದ ಪಡೆದೆವು, ಲಕ್ಕಮ್ಮನ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಬಂದೆವು.

ಇಷ್ಟೆಲ್ಲ ಓದಿದ ಮೇಲೆ ದೇವನೂರ ಮಹಾದೇವರ ‘ಒಡಲಾಳ’ಕ್ಕೆ ಬಂದರೆ ಪಂಕ್ತಿಯೇ ಇಲ್ಲದ ಒಂದು ಊಟ ಕಾಣುತ್ತದೆ. ಸಾಕವ್ವನ ಮನೆಯಲ್ಲಿ ರಾತ್ರಿ ಎಲ್ಲರೂ ಸುತ್ತ ಕೂತು ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ. ಕನ್ನಡದಲ್ಲಿ ಇದಕ್ಕಿಂತ ಸಂಭ್ರಮದ ಊಟವನ್ನು ನಾನು ಓದಿಲ್ಲ. ಸುತ್ತ ಕೂತಾಗ ಎಲ್ಲರಿಗೂ ಎಲ್ಲರ ಮುಖ ಕಾಣುತ್ತದೆ. ಪಂಕ್ತಿಯಲ್ಲಿ ಪಕ್ಕದವರ ಎಲೆ ಕಾಣುತ್ತದೆ, ಬಡಿಸುವವರ ಕಾಲು ಕಾಣುತ್ತದೆ. ಸಾಕವ್ವನ ಮನೆಯವರು ಯಾವ ದೇವರನ್ನೂ ಕರೆಯದೆ ತಿಂದರು, ಆದರೆ ಯಾರನ್ನೂ ಬಿಟ್ಟು ತಿನ್ನಲಿಲ್ಲ. ಆಮೇಲೆ ಆ ಬಾಗಿಲಿಗೆ ಬರುವವರು ಪೊಲೀಸರು. ಕದ್ದದ್ದು ಕದ್ದದ್ದೇ ಎನ್ನುವ ನೀತಿವಂತರಿಗೆ ಆ ಕಡಲೆಯನ್ನು ಬಿತ್ತಿ ಕಿತ್ತವರು ಯಾರು ಎಂಬ ಮರುಪ್ರಶ್ನೆಯನ್ನು ಕಥೆ ಮೆಲ್ಲಗೆ ಎದುರಿಡುತ್ತದೆ. ಲಕ್ಕಮ್ಮನ ಅಕ್ಕಿಯ ಲೆಕ್ಕವನ್ನೂ ಸಾಕವ್ವನ ಮನೆಯ ಕಡಲೆಯ ಲೆಕ್ಕವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಬಂದಿಲ್ಲ. ಎರಡೂ ನಿಜ ಎಂದಷ್ಟೇ ಗೊತ್ತು.

ಇಲ್ಲಿಯವರೆಗೆ ಬರೆದದ್ದನ್ನು ನನ್ನ ಗೆಳತಿಯೊಬ್ಬಳಿಗೆ ಓದಿ ಹೇಳಿದೆ. ಬಸ್ರೂರಿನವಳೇ, ಕೊಂಕಣಿ ಕ್ರೈಸ್ತರ ಮನೆಯವಳು. ಪೂರ್ತಿ ಕೇಳಿ, ‘ನೀನ್ ಎಲ್ಲ ಮನ್‌ಷರ ಲೆಕ್ಕ ಮಾಡ್ದೆ. ನಾನ್ ದೇವ್ರ ಹತ್ರ ಮಾತಾಡೂದ್ ಮಾರಾಯ್ತಿ, ನಿಮ್ ಹತ್ರ ಅಲ್ಲ’ ಅಂದಳು. ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ನಂಬುವವರ ಪ್ರಾರ್ಥನೆಯನ್ನು ಬರೀ ಸಮಾಜಶಾಸ್ತ್ರ ಮಾಡಿಬಿಡುವುದು ನಮ್ಮಂಥ ವಿದ್ಯಾರ್ಥಿಗಳಿಗೆ ಸುಲಭ. ಅವಳಿಗೆ ಅದು ದಿನಕ್ಕೆ ಮೂರು ಸಲ ನಡೆಯುವ ಒಂದು ಭೇಟಿ.

ಆದರೆ ಆ ಭೇಟಿ ನಡೆಯುವ ಜಾಗ ನಮ್ಮೆಲ್ಲರದು. ಕಾಲೇಜಿನ ದಿನಗಳಲ್ಲಿ ನಾವಿಬ್ಬರು ಕುಂದಾಪುರದ ಹೋಟೆಲೊಂದಕ್ಕೆ ಹೋಗುತ್ತಿದ್ದೆವು. ಪ್ಲೇಟು ಬಂದ ಕೂಡಲೆ ಅವಳು ಹಣೆ, ಎದೆ, ಎರಡೂ ಭುಜ ಮುಟ್ಟಿ ಎರಡು ಕ್ಷಣ ಕಣ್ಣು ಮುಚ್ಚುತ್ತಿದ್ದಳು. ನಾನು ಅಷ್ಟು ಹೊತ್ತು ಕೈಯಲ್ಲಿ ದೋಸೆಯ ತುಂಡು ಹಿಡಿದು ಸುಮ್ಮನಿರುತ್ತಿದ್ದೆ. ಅದು ನಮ್ಮಿಬ್ಬರ ಪಂಕ್ತಿ. 2022ರ ಫೆಬ್ರುವರಿಯಲ್ಲಿ ಕುಂದಾಪುರದ ಕಾಲೇಜಿನ ಗೇಟಿನ ಹೊರಗೆ ಹಿಜಾಬ್ ತೊಟ್ಟ ಹುಡುಗಿಯರು ನಿಂತ ಚಿತ್ರಗಳನ್ನು ದೇಶವೆಲ್ಲ ನೋಡಿತು. ಅದಾದ ಮೇಲೆ ಯಾವಾಗಲೋ ಅವಳ ಶಿಲುಬೆಯ ಗುರುತು ಚಿಕ್ಕದಾಗುತ್ತ ಬಂದು, ಈಗ ಎದೆಯ ಹತ್ತಿರ ಶಾಲು ಸರಿಪಡಿಸಿಕೊಂಡಂತೆ ಕಾಣುತ್ತದೆ. ಅವಳನ್ನು ಯಾರೂ ಏನೂ ಅಂದಿರಲಿಲ್ಲ. ಬೇರೆ ಯಾರಿಗೋ ಅಂದದ್ದನ್ನು ಅವಳು ಕೇಳಿಸಿಕೊಂಡಿದ್ದಳು. ‘ಗುಟ್ಟಲ್ಲಿ ಪ್ರಾರ್ಥನೆ ಮಾಡಿ ಅಂತ ಬೈಬಲ್ಲಲ್ಲೇ ಇತ್ತ್’ ಎಂದು ನಗುತ್ತಾಳೆ. ಮತ್ತಾಯನ ಸುವಾರ್ತೆಯಲ್ಲಿ ಆ ಮಾತು ಇರುವುದು ಹೌದು, ಬೀದಿಯ ಮೂಲೆಯಲ್ಲಿ ನಿಂತು ಜನ ನೋಡಲೆಂದು ಪ್ರಾರ್ಥಿಸುವವರನ್ನು ಕುರಿತು. ತೋರಿಕೆಗೆ ನಾಚಿ ಗುಟ್ಟಾಗುವುದು ಬೇರೆ, ಹೆದರಿ ಗುಟ್ಟಾಗುವುದು ಬೇರೆ.

ಕಳೆದ ವರ್ಷ ಒಂದು ವಿಚಾರಸಂಕಿರಣದ ಮಧ್ಯಾಹ್ನದ ಊಟಕ್ಕೆ ಒಟ್ಟಿಗೆ ಕೂತಿದ್ದೆವು. ಎಂದಿನಂತಲ್ಲದೆ ಅವಳು ಅವತ್ತು ಕೈಯನ್ನು ಪೂರ್ತಿ ಹಣೆಗೆ ಒಯ್ದಳು. ಎದುರಿಗಿದ್ದವರೊಬ್ಬರು ‘ಇಲ್ಲೂ ಚರ್ಚ್ ಶುರುವಾಯ್ತಾ?’ ಎಂದರು. ಕೆಟ್ಟವರೇನಲ್ಲ, ತಮಾ಼ಷೆಗೆ ಅಂದದ್ದು. ಸುತ್ತಲಿನ ನಾಲ್ಕಾರು ಜನ ನಕ್ಕರು. ಅದೇ ಸಾಲಿನಲ್ಲಿ ಯಾರಾದರೂ ‘ಗೋವಿಂದಾ’ ಎಂದು ಕೂಗಿದ್ದರೆ ಅದನ್ನು ಯಾರೂ ದೇವಸ್ಥಾನ ಎನ್ನುತ್ತಿರಲಿಲ್ಲ, ಊರಿನ ಊಟದ ಸೊಗಸು ಎನ್ನುತ್ತಿದ್ದರು. ನಾನು ‘ಸಂಸ್ಕಾರ’ದ ಊಟಗಳ ಮೇಲೆ ಆವತ್ತೇ ಬೆಳಿಗ್ಗೆ ಪ್ರಬಂಧ ಮಂಡಿಸಿದ್ದೆ. ತಲೆ ತಗ್ಗಿಸಿ ಅನ್ನ ಕಲಸುತ್ತ ಕೂತೆ. ಮೇಳಿಗೆಯ ಪಂಕ್ತಿಯನ್ನು ಅಷ್ಟು ವಿವರವಾಗಿ ಬಿಡಿಸಿದವಳಿಗೆ ತನ್ನ ಪಂಕ್ತಿಯಲ್ಲಿ ಬಾಯಿ ಬರಲಿಲ್ಲ.

ಸಾರ್ವಜನಿಕ ಊಟವೊಂದು ಬೇರೆ ರೀತಿಯಲ್ಲೂ ನಡೆಯಬಹುದು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ. 2017ರ ಜೂನ್ ತಿಂಗಳಲ್ಲಿ, ರಂಜಾನ್ ಉಪವಾಸದ ಕೊನೆಯ ದಿನಗಳಲ್ಲಿ, ಪೇಜಾವರದ ವಿಶ್ವೇಶತೀರ್ಥರು ಉಡುಪಿಯ ಕೃಷ್ಣಮಠದ ಅನ್ನಬ್ರಹ್ಮ ಭೋಜನಶಾಲೆಯಲ್ಲಿ ಮುಸ್ಲಿಮರಿಗೆ ಇಫ್ತಾರ್ ಏರ್ಪಡಿಸಿದರು. ಖರ್ಜೂರ, ಹಣ್ಣುಗಳಿಂದ ಉಪವಾಸ ಬಿಟ್ಟು ಅವರು ಮಠದ ಆವರಣದಲ್ಲೇ ನಮಾಜು ಮಾಡಿದರು. ಹಿಂದೂ ಸಂಘಟನೆಗಳ ಕೆಲವರು ಪ್ರತಿಭಟಿಸಿದರು, ಸ್ವಾಮೀಜಿ ತಮ್ಮ ನಿಲುವನ್ನು ಬಿಡಲಿಲ್ಲ. ಅದಕ್ಕೆ ಮೂರು ವರ್ಷ ಮುಂಚೆ, 2014ರಲ್ಲಿ, ಅದೇ ಮಠದಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಪಂಕ್ತಿ ಇರುವುದನ್ನು ವಿರೋಧಿಸಿ ಹೋರಾಟ ನಡೆದಿತ್ತು. ಒಂದು ಸಂಜೆಯ ಇಫ್ತಾರ್ ಆ ಪ್ರಶ್ನೆಗೆ ಉತ್ತರವಲ್ಲ. ಹೊರಗಿನ ಧರ್ಮದವರನ್ನು ಅತಿಥಿಯಾಗಿ ಕರೆಯುವುದು ಒಳಗಿನ ಪಂಕ್ತಿಯನ್ನು ಒಂದು ಮಾಡುವುದಕ್ಕಿಂತ ಸುಲಭ ಎಂದೂ ಟೀಕಿಸಬಹುದು. ಆದರೂ ಆ ಸಂಜೆಯ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಇಫ್ತಾರ್ ಎಂದರೆ ಎದುರಿಗೆ ಹಣ್ಣು ಇಟ್ಟುಕೊಂಡು ಹೊತ್ತು ಮುಳುಗುವವರೆಗೆ ಎಲ್ಲರೂ ಒಟ್ಟಿಗೆ ಕಾಯುವ ಊಟ. ಅಲ್ಲಿ ಹಸಿವಿಗೆ ಹಿರಿಯ ಕಿರಿಯ ಎಂಬುದಿಲ್ಲ. ಪಂಕ್ತಿಯೂ ಎಲ್ಲರಿಗೂ ಬಡಿಸಿ ಆಗುವವರೆಗೆ ಕಾಯುತ್ತದೆ. ಕಾಯುವುದು ಬಲ್ಲ ಎರಡು ಪದ್ಧತಿಗಳು ಆ ಸಂಜೆ ಒಂದೇ ಸೂರಿನಡಿ ಕಾದವು.

ಹಾಗೆಂದು ನಮ್ಮ ಮನೆಯ ಹೊಸ್ತನ್ನು ಎತ್ತಿ ಹಿಡಿದು ಇದನ್ನು ಮುಗಿಸುವಂತಿಲ್ಲ. ‘ಸಂಸ್ಕಾರ’ವನ್ನು ಎಂ.ಎ. ತರಗತಿಯಲ್ಲಿ ಎರಡನೆಯ ಸಲ ಓದುವಾಗ, ಚಂದ್ರಿ ಅಂಗಳಕ್ಕೆ ಬಂದು ನಿಂತ ಕಡೆ, ನನಗೆ ಮನೆಯ ಅಂಗಳ ನೆನಪಾಯಿತು. ಹೊಸ್ತಿನ ದಿನ ನಮ್ಮ ನಟ್ಟಿಗೆ, ಕೊಯ್ಲಿಗೆ ಬರುತ್ತಿದ್ದ ಹೆಂಗಸರು ಅಂಗಳದ ಅಂಚಿನಲ್ಲಿ ಕೂತಿರುತ್ತಿದ್ದರು. ಅಮ್ಮಮ್ಮ ಕಂಜೂಸಿ ಮಾಡಿದವಳಲ್ಲ. ಮನೆಯವರ ಊಟ ಮುಗಿದ ಮೇಲೆ ಅವರಿಗೆ ಎಲೆ ತುಂಬ ಬಡಿಸುತ್ತಿದ್ದಳು, ಪಾಯಸ ಎರಡು ಸಲ ಕೇಳುತ್ತಿದ್ದಳು. ಕೂಸಿನವರೆಗೂ ಅಪ್ಪಣೆ ಕೇಳಿದವಳು ಆ ಭತ್ತ ನೆಟ್ಟವರ ಕಡೆ ತಿರುಗಿ ಮಾತ್ರ ಒಮ್ಮೆಯೂ ‘ಹೊಸ್ತ್ ಉಣ್ತೆ’ ಎನ್ನಲಿಲ್ಲ. ಅವಳ ಪ್ರಶ್ನೆ ಜಗಲಿಯ ಅಂಚಿನವರೆಗೆ ಹೋಗಿ ನಿಲ್ಲುತ್ತಿತ್ತು. ಅವಳಿಗೆ ಅದು ಹೊಳೆಯಲಿಲ್ಲ ಎನ್ನಲೇ? ನನಗೂ ಇಪ್ಪತ್ತೆರಡು ವರ್ಷ ಹೊಳೆದಿರಲಿಲ್ಲ, ಅದೂ ಪುಸ್ತಕ ಹೇಳಿಕೊಟ್ಟ ಮೇಲೆ ಹೊಳೆದದ್ದು.

ಈಗ ಅಮ್ಮಮ್ಮ ಇಲ್ಲ. ಗದ್ದೆ ಹಡಿಲು ಬಿದ್ದಿದೆ, ಕದಿರನ್ನು ದೇವಸ್ಥಾನದಿಂದ ತರುತ್ತೇವೆ. ಅಕ್ಕಿ ಅಂಗಡಿಯದು, ಅದನ್ನು ಬೆಳೆದವರು ಯಾರು, ಯಾವ ಊರಿನವರು ಎಂದು ಚೀಲದ ಮೇಲೆ ಬರೆದಿರುವುದಿಲ್ಲ. ಆದರೂ ಹೊಸ್ತಿನ ದಿನ ಅಬ್ಬಿಯ ಕಾಲು ಮುಟ್ಟಿ ಮಾತು ಹೇಳುತ್ತೇವೆ. ಹೋದ ಸಲ ಆ ಗೆಳತಿಯೂ ಊಟಕ್ಕೆ ಬಂದಿದ್ದಳು. ಎಲೆಯ ಮುಂದೆ ಕೂತು ನಾನು ಅವಳ ಕಡೆ ತಿರುಗಿ ‘ಹೊಸ್ತ್ ಉಣ್ತೆ’ ಅಂದೆ. ಅವಳಿಗೆ ನಮ್ಮ ಪದ್ಧತಿ ಗೊತ್ತಿತ್ತು, ಆದರೆ ‘ಉಣ್’ ಎನ್ನಲಿಲ್ಲ. ‘ಒಂದ್ ಗಳಿಗೆ ನಿಲ್ಲ್’ ಎಂದು ಕೈಯನ್ನು ಹಣೆಗೆ ಒಯ್ದಳು. ನಾವೆಲ್ಲ ನಿಂತೆವು.